ಆರತಿ ಸಿಗದ ಬಾಟಲಿ

ನಾನು ಒಂದು ಟೊಮೆಟೊ ಗಿಡ. ಆದರೆ ನೆಟ್ಟಗೆ ಬೀಜದಿಂದ ಹುಟ್ಟಿದವರ ಸಾಲಿನಲ್ಲಿ ನನ್ನನ್ನು ಸೇರಿಸಬೇಡಿ. ನಾನು ಬ್ಲೇಡಿನಿಂದ ಹುಟ್ಟಿದ್ದು. ಕೋಲಾರದ ಕಡೆಯ ಒಂದು ಪ್ರಯೋಗಶಾಲೆಯಲ್ಲಿ ಸುಚರಿತಾ ಎಂಬ ಸಂಶೋಧಕಿ ಹತ್ತು ದಿನದ ಸಸಿಗಳ ಎಲೆ ಕತ್ತರಿಸಿದಳು. ಉಗುರಿಗಿಂತ ಚಿಕ್ಕದಾದ ಆ ಚೂರುಗಳಲ್ಲಿ ನಾನೂ ಒಂದು.

ಕತ್ತರಿಸಿದ್ದು ಸಾಲದೆಂದು ನಮ್ಮನ್ನು ಬ್ಯಾಕ್ಟೀರಿಯಾ ತುಂಬಿದ ನೀರಿನಲ್ಲಿ ಅದ್ದಿದಳು. ಅದು ಅಂತಿಂಥ ಕಳ್ಳನಲ್ಲ. ಮಣ್ಣಿನಲ್ಲಿದ್ದಾಗ ಗಿಡದ ಗಾಯದೊಳಗೆ ನುಗ್ಗಿ, ತನ್ನ ಜೀನನ್ನು ಗಿಡದ ಜೀನುಗಳ ನಡುವೆ ಸೇರಿಸಿ, ಗಂಟು ಬೆಳೆಸಿಕೊಂಡು ಕೂತು ಉಣ್ಣುವ ಜಾತಿ. ಸುಚರಿತಾ ಅದರಿಂದ ಗಂಟು ಬೆಳೆಸುವ ಜೀನ್ ತೆಗೆದು, ಆ ಜಾಗದಲ್ಲಿ ಎಲೆ ಮುದುಡು ರೋಗ ತಡೆಯುವ ಜೀನ್ ಇಟ್ಟಿದ್ದಳು. ಕಳ್ಳನ ಕೈಯಲ್ಲೇ ಮನೆಗೆ ಬೀಗ ಕಳಿಸಿದ ಜಾಣೆ! ಆಮೇಲೆ ನಮ್ಮನ್ನು ಔಷಧಿ ಹಾಕಿದ ಬಾಟಲಿಗಳಿಗೆ ಇಳಿಸಿದಳು. ಕಳ್ಳ ಸತ್ತ. ಔಷಧಿ ತಾಳುವ ಶಕ್ತಿಯನ್ನೂ ಆ ಜೀನಿನ ಜೊತೆಗೇ ಕಟ್ಟಿ ಕಳಿಸಿದ್ದರಿಂದ, ಜೀನ್ ಸಿಗದ ಚೂರುಗಳೂ ಬಿಳುಚಿ ಸತ್ತವು.

ಮೂರು ವರ್ಷಗಳಿಂದ ಅವಳ ಕೈಯಲ್ಲಿ ಒಂದು ಗಿಡವೂ ಉಳಿದಿರಲಿಲ್ಲ. ಇದೇ ಕೊನೆಯ ಸಲ, ದೀಪಾವಳಿಯೊಳಗೆ ಚಿಗುರು ಕಾಣದಿದ್ದರೆ ಈ ವಿಷಯ ಕೈಬಿಡಬೇಕು ಎಂದು ಅವಳ ಗೈಡ್ ಹೇಳಿಬಿಟ್ಟಿದ್ದರು. ಈ ಸಲ ಇಪ್ಪತ್ತೆರಡು ಬಾಟಲಿಗಳಲ್ಲಿ ಹಸಿರು ಮೂಡಿತ್ತು. ನನ್ನ ಅಂಚು ಮಾತ್ರ ಕಂದಿತ್ತು. ನನ್ನ ಕಥೆ ಮುಗಿಯಿತೆಂದುಕೊಂಡು, ತೊಳೆಯಬೇಕಾದ ಬಾಟಲಿಗಳ ಜೊತೆ ಮೇಲಿನ ಶೆಲ್ಫಿನಲ್ಲಿ ಇಟ್ಟುಬಿಟ್ಟಳು. ನನಗೆ ಮೈಯೆಲ್ಲ ಉರಿದುಹೋಯಿತು.

ಮರುದಿನ ಆಯುಧಪೂಜೆ. ಸುಚರಿತಾ ಊಟಕ್ಕೆ ಹೋಗಿದ್ದಳು. ಬಾಟಲಿ ತೊಳೆಯುವ ಮುನಿರತ್ನಮ್ಮ ಕ್ಯಾಂಟೀನಿನಿಂದ ವರ್ಗವಾಗಿ ಬಂದು ಇನ್ನೂ ತಿಂಗಳಾಗಿತ್ತು, ಅಷ್ಟೆ. ಆಕೆ ಫ್ರಿಜ್ಜಿಗೆ ಕುಂಕುಮ ಇಟ್ಟಳು, ಸೂಕ್ಷ್ಮದರ್ಶಕಕ್ಕೆ ಚೆಂಡುಹೂ ಮುಡಿಸಿದಳು. ಕೊನೆಗೆ ಬಾಟಲಿಗಳ ಮುಂದೆ ನಿಂತು, ಒಳಗಿರುವ ಕೂಸುಗಳಿಗೂ ಆರತಿ ಸೋಕಲಿ ಎಂದುಕೊಂಡು ಒಂದೊಂದರದೂ ಮುಚ್ಚಳ ತೆಗೆದು ಬೆಳಗಿ, ಮತ್ತೆ ಮುಚ್ಚಿದಳು. ಮೇಲಿದ್ದ ನನ್ನತ್ತಲೂ ಕೈ ಚಾಚಿದಳು. ಆಕೆ ಕುಳ್ಳಿ, ಎಟುಕಲಿಲ್ಲ. ದೇವರಿಗೂ ಬೇಡವಾದೆನಲ್ಲ ಎಂದು ಅಂದು ನಾನು ಗೊಣಗಿದ್ದೇ ಗೊಣಗಿದ್ದು.

ನಾಲ್ಕನೇ ದಿನ ಇಪ್ಪತ್ತೆರಡೂ ಬಾಟಲಿಗಳಲ್ಲಿ ಬಿಳಿ ಬೂಷ್ಟು. ಸುಚರಿತಾ ಸ್ಟೂಲಿನ ಮೇಲೆ ಕುಸಿದು ಕೂತಳು. ಯಾರು, ಏನು ಎಂದು ಕೇಳುವ ಮೊದಲೇ ಮುನಿರತ್ನಮ್ಮ ಎದುರಿಗೆ ಬಂದು ನಿಂತಳು.

"ಮುಚ್ಚಳ ತೆಗೆದೋಳು ನಾನೇ ಮೇಡಂ. ಒಳ್ಳೇದಾಗ್ಲಿ ಅಂತ ತೆಗೆದೆ."

ಸುಚರಿತಾಗೆ ಬೈಯಲು ಬಾಯಿ ಬರಲಿಲ್ಲ. ಗಾಳಿಯಲ್ಲೇ ಬೂಷ್ಟಿನ ಬೀಜ ಇರುತ್ತದೆ, ಮುಚ್ಚಳ ತೆಗೆಯಬಾರದು ಎಂದು ಆಕೆಗೆ ತಾನೂ ಒಂದು ಮಾತು ಹೇಳಿರಲಿಲ್ಲ. ಎಲ್ಲ ತೊಳೆದುಬಿಡಿ ಎಂದಷ್ಟೇ ಹೇಳಿ ಮುಖ ತಿರುಗಿಸಿಕೊಂಡು ಅತ್ತಳು. ನನಗೂ ಸಂಕಟವಾಯಿತು. ಸತ್ತವರೆಲ್ಲ ನನ್ನ ಒಡಹುಟ್ಟಿದವರು.

ಮುನಿರತ್ನಮ್ಮ ಕಣ್ಣೊರೆಸಿಕೊಳ್ಳುತ್ತ, ಈ ಸಲ ಸ್ಟೂಲ್ ಹತ್ತಿ, ನನ್ನನ್ನು ಇಳಿಸಿದಳು. ಇನ್ನೇನು ನಲ್ಲಿಯ ಕೆಳಗೆ ಹಿಡಿಯಬೇಕು, ಕೈ ತಡೆಯಿತು.

"ಮೇಡಂ, ಇದನ್ನೂ ತೊಳೀಲಾ? ಇದರ ಮೂಲೇಲಿ ಹಸ್ರು ಐತೆ."

ಇತ್ತು! ಸಾಸಿವೆಯಷ್ಟು ಚಿಗುರು. ಕಂದಿದ ಅಂಚಿನ ಹಿಂದೆ ಅಷ್ಟೂ ದಿನ ನಾನು ಅದನ್ನೇ ಕಟ್ಟುತ್ತಿದ್ದೆ. ಸುಚರಿತಾ ಓಡಿಬಂದಳು, ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದಳು. ದೀಪಾವಳಿಯ ಹೊತ್ತಿಗೆ ನನಗೆ ಮೂರು ಎಲೆ. ನೋಡಿದ ಗೈಡ್ ಮುಂದುವರಿಸಲು ಒಪ್ಪಿದರು. ಬೇರು ಬಿಟ್ಟೆ, ಕುಂಡಕ್ಕೆ ಬಂದೆ. ಪರೀಕ್ಷೆಯಲ್ಲಿ ಜೀನ್ ಮೈಯೊಳಗೆ ಕೂತಿರುವುದು ಖಚಿತವಾಯಿತು.

ನಿಜವಾದ ಪರೀಕ್ಷೆ, ನೊಣವೂ ನುಸುಳದ ಬಲೆ ಸುತ್ತಲೂ ಕಟ್ಟಿದ ಬಲೆಮನೆಯಲ್ಲಿ. ಒಂದು ಮಾಮೂಲಿ ಟೊಮೆಟೊ ಗಿಡವನ್ನು ನನ್ನ ಪಕ್ಕದಲ್ಲಿಟ್ಟು, ರೋಗ ಹೊತ್ತ ಬಿಳಿನೊಣಗಳನ್ನು ಒಳಗೆ ಬಿಟ್ಟರು. ಇಬ್ಬರನ್ನೂ ಹೀರಿದವು. ಇಪ್ಪತ್ತು ದಿನಕ್ಕೆ ಪಕ್ಕದ ಗಿಡ ಮುದುಡಿ ಮುದ್ದೆಯಾಯಿತು. ನನ್ನ ಒಂದು ಎಲೆಯೂ ಮಡಿಯಲಿಲ್ಲ. ಹೂ ಬಿಟ್ಟೆ, ಕಾಯಿ ಕಟ್ಟಿದೆ. ಮುನಿರತ್ನಮ್ಮನಿಗೆ ಗೊಜ್ಜು ಮಾಡುವ ಆಸೆಯಾಯಿತು. ಪ್ರಯೋಗದ ಹಣ್ಣು ತಿನ್ನುವಂತಿಲ್ಲ ಎಂದು ಈ ಸಲ ಸುಚರಿತಾ ಕೂರಿಸಿಕೊಂಡು ಬಿಡಿಸಿ ಹೇಳಿದಳು. ನನ್ನ ಬೀಜಗಳನ್ನು ಬಿತ್ತಿದಾಗ ನಾಲ್ಕಕ್ಕೆ ಮೂರು ಸಸಿಗಳಲ್ಲಿ ಆ ಜೀನ್ ಇತ್ತು. ಅವೂ ನೊಣಕ್ಕೆ ಜಗ್ಗಲಿಲ್ಲ.

ಈಗ ನನ್ನ ಕಾಂಡ ಒಣಗಿದೆ. ನಾಳೆ ನನ್ನನ್ನು ಸುಡುತ್ತಾರೆ, ಅದು ನಿಯಮ. ಸುಡಲಿ, ನನ್ನ ಬೀಜಗಳು ಪ್ರಯೋಗಶಾಲೆಯೊಳಗೆ ಭದ್ರವಾಗಿವೆ.

ಇವತ್ತು ಮತ್ತೆ ಆಯುಧಪೂಜೆ. ಮುನಿರತ್ನಮ್ಮ ಬಾಟಲಿಗಳ ಕೋಣೆಯ ಹೊರಗೇ ನಿಂತು, ಮುಚ್ಚಿದ ಬಾಗಿಲಿಗೆ ಆರತಿ ಬೆಳಗಿದಳು. ಒಂದು ಮುಚ್ಚಳವನ್ನೂ ಮುಟ್ಟಲಿಲ್ಲ. ಆಮೇಲೆ ತಟ್ಟೆ ಹಿಡಿದು ಬಲೆಮನೆಯ ತನಕ ಬಂದು, ನನ್ನ ಕುಂಡಕ್ಕೆ ಕುಂಕುಮ ಇಟ್ಟಳು.

"ಹೋದ ವರ್ಷ ನಿಂಗೆ ಎಟುಕಲಿಲ್ಲ ಕಣವ್ವ," ಅಂದಳು. "ಸದ್ಯ, ನಾನು ಕುಳ್ಳಿ."