ಅಕ್ಕ ಬೆಟ್ಟ ಹತ್ತಿಸಿದ ದುಡ್ಡು

ನಮ್ಮ ಬ್ಯಾಂಕಿನಲ್ಲಿ ನಾನು ಕೂರುವ ಸಾಲದ ಕೌಂಟರಿನ ಮುಂದೆ ಕುಬೇರನೂ ಟೋಕನ್ ಹಿಡಿದು ನಿಲ್ಲಬೇಕು. ಬ್ಯಾಂಕೇನೋ ಸಣ್ಣದು, ನಾಲ್ಕು ಬೀದಿಗೆ ಸಾಕಾಗುವಷ್ಟು. ಆದರೆ ನಾನು ಸೀನಿದರೆ ಬಡ್ಡಿದರ ಅಲುಗಾಡುತ್ತಿತ್ತು. ಅಕ್ಕನ ಲಾಂಡ್ರಿಗೆ ಹೊಸ ಒಗೆಯುವ ಯಂತ್ರದ ಸಾಲವನ್ನು ಕಣ್ಣು ಮಿಟುಕಿಸುವುದರೊಳಗೆ ಮಂಜೂರು ಮಾಡಿಸಿದ್ದೆ. ಹಳೆಯದು ಕೊನೆಯುಸಿರು ಎಳೆಯುತ್ತಿತ್ತು. ಸೋಮವಾರದೊಳಗೆ ಹೊಸದು ಬಂದರೆ ದೊಡ್ಡ ಹೋಟೆಲಿನ ಹಾಸಿಗೆ ಬಟ್ಟೆಯೆಲ್ಲ ಅವಳಿಗೇ. ಬಾರದಿದ್ದರೆ ಅಂಗಡಿಗೆ ಬೀಗ.

ಅಷ್ಟರಲ್ಲಿ ಕೇಂದ್ರ ಬ್ಯಾಂಕು ತನ್ನದೇ ಡಿಜಿಟಲ್ ದುಡ್ಡನ್ನು ನೇರವಾಗಿ ಜನರ ಮೊಬೈಲಿಗೆ ಇಳಿಸಿತು. ಉಳಿತಾಯವನ್ನು ಬ್ಯಾಂಕಿನ ಬದಲು ಅಲ್ಲೇ ಇಟ್ಟುಕೊಳ್ಳಬಹುದು; ಬಡ್ಡಿ ಇಲ್ಲ, ಮುಳುಗುವ ಭಯವೂ ಇಲ್ಲ. ಅಕ್ಕ ಮೊದಲ ದಿನವೇ ತನ್ನ ಉಳಿತಾಯವನ್ನೆಲ್ಲ ಅಲ್ಲಿಗೆ ಸಾಗಿಸಿದಳು. ಸಾಗಿಸಿ ಸುಮ್ಮನಿದ್ದಳೇ? ಅವಳ ಬಾಯಿ ನಾಲ್ಕು ರೇಡಿಯೊ ಸ್ಟೇಷನ್ನಿಗೆ ಸಮ. ಬಟ್ಟೆ ಕೊಡಲು ಬಂದವರಿಗೆಲ್ಲ ಇಸ್ತ್ರಿ ಪೆಟ್ಟಿಗೆ ಎತ್ತಿ ಹಿಡಿದು ಬುದ್ಧಿ ಹೇಳಿದಳು:

"ಅಲ್ಲಿಟ್ರೆ ಬೆಟ್ಟದ ಮೇಲೆ ಇಟ್ಟ ಹಾಗೆ. ಈ ಪುಟಗೋಸಿ ಬ್ಯಾಂಕನ್ನ ನಂಬ್ಕೊಂಡು ಕೂತ್ಕೋಬೇಡಿ!"

ಇಡೀ ಬೀದಿ ಕೇಳಿತು. ನಮ್ಮ ಬ್ಯಾಂಕು ಬಡ್ಡಿ ಏರಿಸಿ ಅಂಗಲಾಚಿತು. ಯಾರೂ ತಿರುಗಿ ನೋಡಲಿಲ್ಲ. ಶುಕ್ರವಾರದ ಹೊತ್ತಿಗೆ ಠೇವಣಿ ಎಷ್ಟು ಬತ್ತಿತ್ತೆಂದರೆ, ತಿಜೋರಿಯ ಜೇಡವೂ ಬಲೆ ಬಿಟ್ಟು ಬೇರೆ ಕೆಲಸ ಹುಡುಕಿಕೊಂಡು ಹೋಗಿತ್ತು. ಮ್ಯಾನೇಜರರು ಹೊಸ ಸಾಲವನ್ನೆಲ್ಲ ತಡೆದರು. ಅಕ್ಕನದೂ ಅದರಲ್ಲೇ ಇತ್ತು. ಸುದ್ದಿ ಹೇಳಲು ಲಾಂಡ್ರಿಗೆ ಹೋದರೆ ಅಕ್ಕ ಇಸ್ತ್ರಿ ಉಜ್ಜುತ್ತಲೇ ರೇಗಿದಳು:

"ಮಂಜೂರಾಗಿದ್ದನ್ನ ಹೇಗೋ ನಿಲ್ಲಿಸ್ತಾರೆ? ಸಾಲ ಕೊಡೋದು ಬ್ಯಾಂಕಿನ ದುಡ್ಡಲ್ವೇನೋ?"

"ಅಲ್ಲಕ್ಕಾ. ಹಾಲಿನವನದು, ಕ್ಷೌರದವನದು, ಟೀಚರಮ್ಮಂದು. ನೀನು ಬೆಟ್ಟ ಹತ್ತಿಸಿದ್ಯಲ್ಲ, ಅದೇ ದುಡ್ಡು."

ಇಸ್ತ್ರಿ ಪೆಟ್ಟಿಗೆ ಅಂಗಿಯ ಮೇಲೇ ನಿಂತುಬಿಟ್ಟಿತು.

"ಮುಂಚೇನೇ ಬೊಗಳೋಕೆ ಏನಾಗಿತ್ತು ನಿಂಗೆ?"

"ನೀನು ಬಾಯಿ ಬಿಡೋಕೆ ಬಿಟ್ರೆ ತಾನೆ?"

"ನನ್ನದನ್ನ ವಾಪಸ್ ಹಾಕ್ತೀನಿ."

"ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ, ಅಕ್ಕಾ."

ಅವಳು ಚಪ್ಪಲಿ ಮೆಟ್ಟಿ, ದುಡ್ಡನ್ನು ಬ್ಯಾಂಕಿಗೆ ವಾಪಸ್ ಹಾಕಿ ಎಂದು ಮನೆಮನೆ ಸುತ್ತಿದಳು. ಹಾಲಿನವನು ನಕ್ಕ. "ಸಾಲ ಬೇಕಾದ ಮೇಲೆ ಬ್ಯಾಂಕು ಒಳ್ಳೇದಾಯ್ತೇನಮ್ಮ? ಹೋಗಿ ಹೋಗಿ." ಟೀಚರಮ್ಮ ಬಾಗಿಲನ್ನೇ ತೆರೆಯಲಿಲ್ಲ.

ಸೋಮವಾರ ಹೋಟೆಲಿನ ವ್ಯಾನು ಬಂತು. ಮುಂಗಡವಾಗಿ ಇಳಿಸಿದ್ದ ಬಟ್ಟೆಯ ಗಂಟುಗಳನ್ನು ಒಗೆಯದೆಯೇ ಹೇರಿಕೊಂಡರು. ಗುಡ್ಡದಂಥ ಗಂಟುಗಳು; ಒಂದನ್ನು ನಾನೇ ಎತ್ತಿಕೊಟ್ಟೆ. ಡ್ರೈವರ್ ಆಚೆ ಬೀದಿಯ ಲಾಂಡ್ರಿಯ ದಾರಿ ಕೇಳಿದ. ಅಕ್ಕನೇ ಕೈ ಮಾಡಿ ತೋರಿಸಿದಳು.

"ನಿನ್ನ ಬ್ಯಾಂಕು ಇನ್ನೆಷ್ಟು ದಿನವೋ?"

"ನಾನಿರೋ ತನಕ ಅದನ್ನ ಯಮನೂ ಮುಟ್ಟೋ ಹಾಗಿಲ್ಲ" ಎಂದೆ.

ಅವಳು ಒಳಗೆ ಹೋಗಿ, ಹಳೆಯ ಯಂತ್ರದ ನೀರಿನ ನಲ್ಲಿಯನ್ನು ಬಿಗಿಯಾಗಿ ತಿರುಗಿಸಿ ಮುಚ್ಚಿದಳು.