ಅತ್ತೆಯ ನಿದ್ದೆ, ಅಳಿಯನ ಟೈರು

ಪರಿಚಯದವರಿಗೆಲ್ಲ ಅವರು ನಿದ್ದೆ ಡಾಕ್ಟರು. ಆಪರೇಷನ್ನಿಗೆ ಮುಂಚೆ ರೋಗಿಗೆ ಅರಿವಳಿಕೆ ಕೊಡುವುದು ಅವರ ವೃತ್ತಿ. ಆಸ್ಪತ್ರೆಯ ಹೊರಗೂ ಅದನ್ನೇ ಮಾಡುತ್ತಾರೆ ಎಂಬುದು ಅವರ ಕಾರಿನಲ್ಲಿ ಕೂತವರ ಅಭಿಪ್ರಾಯ. ಐವತ್ತು ದಾಟಿದ ಮೇಲೆ ಅವರು ಆಸೆಪಟ್ಟು ಒಂದು ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ಕೊಂಡರು. ನಿಂತಲ್ಲಿಂದ ಚಿಮ್ಮಿ ನೂರು ಮುಟ್ಟುವ ಆ ಕಾರನ್ನು ಹೆರಿಗೆ ವಾರ್ಡಿನ ತಳ್ಳುಗಾಡಿಯ ಹಾಗೆ ಓಡಿಸುತ್ತಿದ್ದರು.

ಇದರಿಂದ ಲಾಭವಾದದ್ದು ಅವರ ಅತ್ತೆಗೆ. ಮಾವ ತೀರಿಕೊಂಡ ಮೇಲೆ ಹಾಸಿಗೆಯಲ್ಲಿ ಅವರಿಗೆ ರೆಪ್ಪೆ ಅಂಟುತ್ತಿರಲಿಲ್ಲ. ಅಳಿಯ ಬರೆದುಕೊಟ್ಟ ಮಾತ್ರೆ ನುಂಗಲು ಅಭಿಮಾನ ಬಿಡುತ್ತಿರಲಿಲ್ಲ. ಆದರೆ ಈ ಕಾರಿನ ಹಿಂದಿನ ಸೀಟಿನಲ್ಲಿ ಕೂತರೆ ಎರಡನೇ ತಿರುವಿಗೇ ಕಣ್ಣು ಎಳೆಯುತ್ತಿತ್ತು. ಹಾಗಾಗಿ ಊಟವಾದ ಮೇಲೆ ಅತ್ತೆ, ಮಗಳು, ಅಳಿಯ ಮೂವರದೂ ಒಂದು ಸುತ್ತು. ಎಲ್ಲಿಗೂ ಅಲ್ಲ, ನಿದ್ದೆಗೆ.

ಈಚೆಗೆ ಟೈರುಗಳು ಊಳಿಡತೊಡಗಿದ್ದವು. ಅತ್ತೆ ನಡುನಡುವೆ ಬೆಚ್ಚಿ ಏಳುತ್ತಿದ್ದರು. ಡಾಕ್ಟರ ಹೆಂಡತಿ ಇಬ್ಬರನ್ನೂ ಹೊರಡಿಸಿಕೊಂಡು ಟೈರ್ ಅಂಗಡಿಗೆ ಬಂದಳು.

ಕಾರು ಚಕ್ರ ಕಳಚಿಕೊಂಡು ಎತ್ತರದಲ್ಲಿ ಸಂಕೋಚದಿಂದ ನಿಂತಿತ್ತು. ಅಂಗಡಿಯ ಯಜಮಾನಿ ಹಳೆಯ ಟೈರನ್ನು ಉಗುರಿನಿಂದ ಒತ್ತಿದಳು.

"ನೋಡೋಕೆ ಹೊಸದರ ಹಾಗಿದೆ, ಆದ್ರೆ ಜೀವ ಇಲ್ಲ. ಹಿಂದಿನೋರ ಮನೇಲಿ ನಿಂತು ನಿಂತೇ ರಬ್ಬರ್ ಒಣಗಿ ಕಟ್ಟಿಗೆಯಾಗಿದೆ. ನಾಲ್ಕೂ ಬದಲಾಯಿಸಿ." ಆಮೇಲೆ ಎರಡು ಟೈರು ಉರುಳಿಸಿಕೊಂಡು ಬಂದಳು. "ಇದು ರಸ್ತೆ ಹಿಡಿದ್ರೆ ಬಿಡಲ್ಲ, ಎಂಥಾ ತಿರುವಲ್ಲೂ ನಂಬಬಹುದು. ಆದ್ರೆ ಹಾಡುತ್ತೆ. ಅದು ಮೌನಿ. ಮುದ್ದು ಮಾಡಿ ಓಡಿಸೋರಿಗೆ."

ಡಾಕ್ಟರು ಹಾಡುವ ಟೈರಿನ ಮೇಲೆ ನಾಡಿ ಹಿಡಿಯುವವರಂತೆ ಬೆರಳಿಟ್ಟರು. ಎಷ್ಟೋ ದಿನದಿಂದ ಹೆಂಡತಿಗೆ ಬೆನ್ನು ಮಾಡಿ ಮಲಗಿ, ಫೋನಿನಲ್ಲಿ ಆ ಟೈರಿನ ಗುಣಗಾನವನ್ನೇ ಓದುತ್ತಿದ್ದರು. ಬೇರೆ ಯಾರೋ ಹೆಂಗಸಿರಬೇಕು ಎಂದು ಅನುಮಾನಿಸಿದ್ದ ಹೆಂಡತಿಗೆ, ಟೈರು ಎಂದು ತಿಳಿದಾಗ ಸಮಾಧಾನಕ್ಕಿಂತ ನಿರಾಸೆಯೇ ಹೆಚ್ಚಾಗಿತ್ತಂತೆ.

"ಎಷ್ಟು ಸ್ಪೀಡಲ್ಲಿ ಓಡಿಸ್ತೀರಾ ಡಾಕ್ಟ್ರೇ?" ಯಜಮಾನಿ ಕೇಳಿದಳು.

"ಅದು ಸಂದರ್ಭ ನೋಡ್ಕೊಂಡು."

"ಸಂದರ್ಭ ಇನ್ನೂ ಬಂದಿಲ್ಲ," ಹೆಂಡತಿ ಹೇಳಿದಳು. "ಮೊನ್ನೆ ಸೈಕಲ್ಲಿನವನು ಹಿಂದಿನಿಂದ ಬೆಲ್ ಹೊಡೆದು ದಾರಿ ಬಿಡಿ ಅಂದ. ರೀ, ನಾವು ಬಂದಿರೋದು ಅಮ್ಮನ ನಿದ್ದೆಗೆ. ನೆನಪಿರಲಿ."

ಡಾಕ್ಟರು ಬೆರಳು ತೆಗೆದರು. "ಮೌನೀನೇ ಹಾಕಿ," ಎಂದರು. ಆ ದನಿಯನ್ನು ಆಸ್ಪತ್ರೆಯಲ್ಲಿ ಬಳಸಿದ್ದರೆ ರೋಗಿಯ ಕಡೆಯವರು ಅಳಲು ಶುರುಮಾಡುತ್ತಿದ್ದರು.

ಹೊಲಿಗೆ ಬಿಟ್ಟ ಸೋಫಾದಲ್ಲಿ ಕೂತಿದ್ದ ಅತ್ತೆ ಅಳಿಯನ ಮುಖವನ್ನೇ ನೋಡುತ್ತಿದ್ದರು.

"ನನ್ನ ನೆಪ ಬೇಡ, ಅಳಿಯಂದಿರೇ. ನಿಮಗೆ ಬೇಕಾದ್ದು ಹಾಕಿಸ್ಕೊಳ್ಳಿ. ನಾನೇನು ಕಾರಲ್ಲಿ ನಿದ್ದೆ ಮಾಡ್ತೀನಿ ಅಂದ್ಕೊಂಡ್ರಾ?"

"ಮತ್ತೆ?" ಮಗಳು ತಿರುಗಿದಳು.

"ಸುಮ್ನೆ ಕಣ್ಣು ಮುಚ್ಕೊಂಡಿರ್ತೀನಿ. ತೆಗೆದ್ರೆ ನೀನು ಮಂಡಿ, ಮಾತ್ರೆ, ವಾಕಿಂಗು ಅಂತ ಶುರು ಮಾಡ್ತೀಯ."

ಡಾಕ್ಟರು ಬಾಯಿ ಮುಚ್ಚಿಕೊಂಡಿದ್ದರೆ ಆ ಟೈರು ಅವರದಾಗುತ್ತಿತ್ತು. ಆದರೆ ಯಾರು ಮಲಗಿದ್ದಾರೆ, ಯಾರು ಇನ್ನೂ ಎಚ್ಚರವಿದ್ದಾರೆ ಎಂದು ಹೇಳುವುದೇ ಅವರ ಅನ್ನ. ಅದರಲ್ಲಿ ತಪ್ಪಿದರು ಎಂದು ಟೈರ್ ಅಂಗಡಿಯಲ್ಲಿ ಅನ್ನಿಸಿಕೊಳ್ಳಲು ಅವರಿಂದಾಗಲಿಲ್ಲ.

"ಅತ್ತೆ, ನೀವು ನನಗೋಸ್ಕರ ಹೀಗೆ ಹೇಳ್ತಿದ್ದೀರಿ. ನೀವು ಮಾಡೋದು ಅಸಲಿ ನಿದ್ದೆ. ನಟನೆ ಮಾಡೋರು ಬೇಕಾದ್ರೆ ಗೊರಕೆ ಹೊಡೀಬಹುದು. ತಮ್ಮ ಗೊರಕೆಗೆ ತಾವೇ ಬೆಚ್ಚಿ 'ಯಾರದು' ಅಂತ ಕೇಳಲ್ಲ."

ಗಾಳಿ ತುಂಬುವ ಯಂತ್ರವೂ ಆಗಲೇ ನಿಲ್ಲಬೇಕೆ.

"ಗೊರಕೆ," ಅತ್ತೆ ಹೇಳಿದರು. "ನಾನು."

ಮಗಳು ಗೋಡೆಯ ಕ್ಯಾಲೆಂಡರಿನಲ್ಲಿ ಆಸಕ್ತಿ ವಹಿಸಿದಳು. "ಸಣ್ಣದಮ್ಮ."

"ಎಷ್ಟು ಸಣ್ಣದು?"

"ಗಾಜು ಏರಿಸಿದ್ರೆ ಹೊರಗೆ ಕೇಳಲ್ಲ."

ಅತ್ತೆ ಶಾಲು ಸರಿಮಾಡಿಕೊಂಡು ಇಷ್ಟು ದಿನದ ಸವಾರಿಗಳನ್ನು ನೆನೆದರು. ಕಣ್ಣುಬಿಟ್ಟಾಗೆಲ್ಲ ಸಿಗ್ನಲ್ಲಿನಲ್ಲಿ ಸ್ಕೂಟರಿನವರು ಇತ್ತ ತಿರುಗಿ ನಗುತ್ತಿರುತ್ತಿದ್ದರು. ಕಾರನ್ನು ಮೆಚ್ಚಿದ್ದಾರೆ ಎಂದು ಇವರೂ ಗಂಭೀರವಾಗಿ ತಲೆಬಾಗಿಸುತ್ತಿದ್ದರು.

"ನೋಡಮ್ಮ," ಯಜಮಾನಿಯನ್ನು ಕರೆದರು. "ಆ ಹಾಡೋ ಟೈರು. ಒಬ್ಬರ ಗೊರಕೆ ಮುಚ್ಚಿಹೋಗೋಷ್ಟು ಹಾಡುತ್ತಾ?"

"ಸ್ಪೀಡಾಗಿ ಹೋದ್ರೆ ಮುಚ್ಚುತ್ತೆ. ನಿಧಾನಕ್ಕೆ ಹೋದ್ರೆ ಅದೂ ಬಾಯಿ ಬಿಡಲ್ಲ."

"ಹಾಗಾದ್ರೆ ಅದನ್ನೇ ಹಾಕು."

"ಅಮ್ಮ, ನಿದ್ದೆ ಕೆಡುತ್ತೆ."

"ಕೆಡಲಿ. ಮಾನ ಉಳಿಯುತ್ತೆ." ಅತ್ತೆ ಅಳಿಯನ ಕಡೆ ತಿರುಗಿದರು. "ನೀವು ಕನ್ನಡಿ ನೋಡ್ತಾ ಇರಿ. ನನ್ನ ಕಣ್ಣು ಮುಚ್ಚಿದ್ದು ಕಂಡ ಕೂಡಲೇ ಜೋರಾಗಿ ಬಿಡಿ."

ಡಾಕ್ಟರು ಹೆಂಡತಿಯ ಮುಖ ನೋಡಲು ಹೋಗಲಿಲ್ಲ. "ನೀವು ಹೇಳಿದ ಮೇಲೆ ಮುಗೀತು, ಅತ್ತೆ," ಎಂದರು, ಆದಷ್ಟು ವಿಧೇಯವಾಗಿ.