ಬಚ್ಚಲುಮನೆ ಬಾಗಿಲಿನ ಕಥೆ

ಹದಿನೆಂಟು ವರ್ಷ ಒಂದೇ ಥರದ ಭಾಷಣ ಮಾಡಿ ಮಾಡಿ ಮೇಷ್ಟ್ರಿಗೆ ತಮ್ಮ ದನಿ ಕೇಳಿದರೆ ತಮಗೇ ಆಕಳಿಕೆ ಬರುವಂತಾಗಿತ್ತು. ಕಾಲೇಜಿಗೆ ಹೊಸದಾಗಿ ಸೇರಿದ ಮಕ್ಕಳಿಗೆ ಮೊದಲ ದಿನ ಧೈರ್ಯ ತುಂಬುವುದು ಅವರ ಕಸುಬು. ಕಾಲೇಜು ಶುರುವಾಗುವ ತಿಂಗಳು ಬಂತೆಂದರೆ ದಿನಕ್ಕೆ ಎರಡು ಸಭಾಂಗಣ, ಎರಡು ಹೂಗುಚ್ಛ, ಗಂಟಲಿಗೆ ಆರು ಮಾತ್ರೆ. ಊರಿಗೆಲ್ಲ ಹುಮ್ಮಸ್ಸು ಹಂಚುವ ಈ ಮಹಾಶಯರು ಮನೆಗೆ ಬಂದರೆ ಸೋಫಾದ ಮೇಲೆ ತುಟಿಪಿಟಕ್ಕೆನ್ನದೆ ಬಿದ್ದಿರುತ್ತಿದ್ದರು.

ಇವತ್ತಿನ ಕಾಲೇಜಿಗೆ ಅವರ ಮಗಳೇ ಸೇರಿದ್ದಳು. ಗೇಟಿನ ಬಳಿ ಕಾರು ನಿಂತರೂ ಅವಳು ಇಳಿಯಲಿಲ್ಲ.

"ಅಪ್ಪ, ಇವತ್ತೊಂದಿನ ನನ್ನ ಕಥೆ ಹೇಳ್ಬೇಡ. ಇಲ್ಲಿ ಪ್ರಿನ್ಸಿಪಾಲರನ್ನ ಬಿಟ್ರೆ ನಾನು ಯಾರಿಗೂ ಗೊತ್ತಿಲ್ಲ. ಹಾಗೇ ಇರ್ಲಿ."

"ಹೇಳಲ್ಲ ಬಿಡು."

"ಆಣೆ?"

"ಆಯ್ತು ತಾಯಿ, ಆಣೆ."

ಐದು ವರ್ಷದಿಂದ ಆ ಕಥೆಯೇ ಮೇಷ್ಟ್ರ ಅನ್ನ. ಏಳನೇ ತರಗತಿಯಲ್ಲಿ ಮೂರು ವಿಷಯಗಳಲ್ಲಿ ನಪಾಸಾದ ಮಗಳು ಬಚ್ಚಲುಮನೆಯ ಚಿಲಕ ಹಾಕಿಕೊಂಡು ಕೂತದ್ದು, ತಾವು ಹೊರಗೆ ನೆಲದ ಮೇಲೆ ಕೂತು ಮೂರು ಗಂಟೆ ಮಾತಾಡಿ ಅವಳಿಂದ ಬಾಗಿಲು ತೆಗೆಸಿದ್ದು. ಆ ಜಾಗಕ್ಕೆ ಬಂದಾಗ ಎಂಥ ಒರಟು ಹುಡುಗರೂ ಮೂಗು ಒರೆಸಿಕೊಳ್ಳುತ್ತಿದ್ದರು.

ಸಭಾಂಗಣದಲ್ಲಿ ಸೆಕೆ. ಅರ್ಧದಷ್ಟು ತಲೆಗಳು ಮೊಬೈಲಿನೊಳಗಿದ್ದವು, ಉಳಿದರ್ಧ ತೂಕಡಿಸುತ್ತಿದ್ದವು. ಮೇಷ್ಟ್ರು ಬೇರೆ ಯಾರದೋ ಕಥೆ ಹೇಳಿ ನೋಡಿದರು. ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು. ದಣಿದ ಎತ್ತಿಗೆ ಕೊಟ್ಟಿಗೆಯ ದಾರಿ ಯಾರೂ ತೋರಿಸಬೇಕಿಲ್ಲ. "ನನ್ನ ಮಗಳು ಒಂದು ದಿನ ಬಚ್ಚಲುಮನೆ ಚಿಲಕ ಹಾಕಿಕೊಂಡಳು" ಎಂದು ತಮ್ಮ ಬಾಯಿಯೇ ಹೇಳಿದ್ದು ಅವರ ಕಿವಿಗೆ ಬಿತ್ತು. ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಮುಂದಿನ ಸಾಲಿನಲ್ಲಿ ಒಬ್ಬ ಮೊಬೈಲು ಕೆಳಗಿಟ್ಟ. ಮೇಷ್ಟ್ರು ನಿಲ್ಲಿಸಲಿಲ್ಲ.

ಚಪ್ಪಾಳೆ ಮುಗಿದ ಮೇಲೆ ಪ್ರಿನ್ಸಿಪಾಲರು ಮೈಕು ಹಿಡಿದರು. "ಆ ಹುಡುಗಿ ಈ ವರ್ಷ ನಮ್ಮಲ್ಲೇ ಸೇರಿದಾಳೆ. ಎಲ್ಲಿದೀಯಮ್ಮ, ಎದ್ದು ನಿಲ್ಲು."

ಆರನೇ ಸಾಲಿನಲ್ಲಿ ಮಗಳು ಎದ್ದು ನಿಂತಳು. ಇಡೀ ಸಭಾಂಗಣ ಅವಳತ್ತ ತಿರುಗಿತು.

ಮೇಷ್ಟ್ರು ಕಾರಿಡಾರಿನಲ್ಲಿ ಅವಳನ್ನು ಹಿಡಿದರು. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

"ಬಾಯಿ ತಪ್ಪಿ ಬಂತು ಕಣಮ್ಮ."

"ಗೊತ್ತು. ಸುಸ್ತಾಗಿದೀಯ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಆದ್ರೆ ಅಪ್ಪ, ಆವತ್ತು ಬಾಗಿಲ ಹೊರಗೆ ಕೂತಿದ್ದು ಅಮ್ಮ. ನೀನು ಎಲ್ಲೋ ಭಾಷಣಕ್ಕೆ ಹೋಗಿದ್ದೆ."

ಅಲ್ಲ ಎನ್ನಲು ಮೇಷ್ಟ್ರು ಬಾಯಿ ತೆರೆದರು. ತಣ್ಣಗಿನ ನೆಲ, ಬಾಗಿಲಡಿಯ ಬೆಳಕಿನ ಗೆರೆ, ಒಳಗಿನ ಬಿಕ್ಕು, ಎಲ್ಲ ಕಣ್ಣಿಗೆ ಕಟ್ಟಿದಂತಿತ್ತು. ಆಮೇಲೆ ಹೆಂಡತಿಯ ದನಿ ನೆನಪಾಯಿತು. ಯಾವುದೋ ಲಾಡ್ಜಿನ ಮಂಚದ ಮೇಲೆ ಕೂತು, ಫೋನು ಕಿವಿಗಿಟ್ಟುಕೊಂಡು, ಅದನ್ನೆಲ್ಲ ಅವರು ಕೇಳಿಸಿಕೊಂಡಿದ್ದರು ಅಷ್ಟೆ.

"ಯಾಕೆ ಇಷ್ಟು ದಿನ ಹೇಳಲಿಲ್ಲ?"

"ನೀನು ಅದನ್ನ ಹೇಳುವಾಗ ಮಾತ್ರ ಚೆನ್ನಾಗಿರ್ತಿದ್ದೆ," ಎಂದಳು ಮಗಳು.

ಗಂಟೆ ಹೊಡೆಯಿತು. ತರಗತಿಯ ಬಾಗಿಲಲ್ಲಿ ಹೊಸ ಹುಡುಗಿಯೊಬ್ಬಳು ಅವಳ ಕೈ ಹಿಡಿದುಕೊಂಡಳು. "ಅಪ್ಪ ಅಂದ್ರೆ ನಿಮ್ಮಪ್ಪ ಕಣೆ. ಮೂರು ಗಂಟೆ ಕೂತಿದ್ರಾ ನಿಜವಾಗ್ಲೂ?"

"ಹೂಂ," ಎಂದಳು ಮಗಳು, ಮೇಷ್ಟ್ರಿಗೆ ಕೇಳಿಸುವಷ್ಟು ಗಟ್ಟಿಯಾಗಿ.